ದಿನಕ್ಕೊಂದು ಮಿಲಿಮೀಟರ್

ಮಾರ್ಚ್ 9

ಭಾಮೈದ,

ಈ ಅಕ್ಷರ ನೋಡಿ ಯಾವುದೋ ಮಗುವಿನ ಕಾಗದ ದಾರಿ ತಪ್ಪಿ ನಿನ್ನ ಬಾಗಿಲಿಗೆ ಬಂತು ಅಂದುಕೊಳ್ಳಬೇಡ. ಇದು ನನ್ನದೇ ಬಲಗೈ. ಪೆನ್ನಿಗೆ ಸ್ಪಂಜು ಸುತ್ತಿ ಸೌತೆಕಾಯಿಯಷ್ಟು ದಪ್ಪ ಮಾಡಿ ಕೊಟ್ಟಿದ್ದಾರೆ. ಪೆನ್ನು ಕೈಯಲ್ಲಿದೆ ಅನ್ನುವುದನ್ನು ಕಣ್ಣು ಹೇಳಬೇಕು, ಕೈ ಹೇಳುವುದಿಲ್ಲ. ಸ್ವಲ್ಪ ಆ ಕಡೆ ಈ ಕಡೆ ನೋಡಿದರೆ ಪೆನ್ನು ನೆಲದ ಮೇಲಿರುತ್ತದೆ. ಈ ಒಂದು ಕಾಗದಕ್ಕೆ ಐದು ದಿನ ಹಿಡಿದಿದೆ.

ಬರೆಯುವ ಚಪಲ ನನಗೆ ಯಾವತ್ತೂ ಇರಲಿಲ್ಲ, ನಿನಗೆ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದದ್ದೆಲ್ಲ ಗಾಜಿನ ಮೇಲೆ ಅಳತೆ ಮಾತ್ರ. ಇದು ಫಿಸಿಯೋಥೆರಪಿ ಮೇಡಂ ಕೊಟ್ಟ ಹೋಂವರ್ಕ್. ಕಂಡಾಗಲೆಲ್ಲ ಗುಂಡುಸೂಜಿ ಹಿಡಿದು ಬರುತ್ತಾರೆ ಅಂತ ಅವರಿಗೆ ಚುಚ್ಚು ಮೇಡಂ ಅಂತ ಹೆಸರಿಟ್ಟಿದ್ದೇನೆ.

"ಏನು ಬರೀಲಿ?" ಅಂದೆ.

"ಕಾಗದ ಬರೀರಿ."

"ಯಾರಿಗೆ?"

"ನಿಮ್ಮ ಹತ್ರ ಮಾತು ಬಿಟ್ಟವರು ಯಾರೂ ಇಲ್ವಾ? ಅಂಥವರಿಗೆ ಬರೀರಿ. ಅವರಿಗೂ ಅವಸರ ಇರಲ್ಲ, ನಿಮಗೂ ಇರಲ್ಲ."

ಅವರು ತಮಾಷೆಗೆ ಅಂದರು. ನನಗೆ ನೀನು ನೆನಪಾದೆ.

ನಾನು ಆಸ್ಪತ್ರೆಯಿಂದ ಮನೆಗೆ ಬಂದು ಒಂಬತ್ತು ದಿನ ಆಗಿರಲಿಲ್ಲ, ನೀನು ಬ್ಯಾಗು ಎತ್ತಿಕೊಂಡು ಹೊರಟೆ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ ಅಂತ ನಿನ್ನ ಅಕ್ಕನಿಗೆ ಹೇಳಿದೆಯಂತೆ. ನನಗೆ ಅಷ್ಟನ್ನೂ ಹೇಳಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ವಿಳಾಸವನ್ನು ಗಾಜಿನಂಗಡಿ ಯಜಮಾನರಿಂದ ಇಸಿದುಕೊಂಡೆ. ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಉಂಡು ಮಲಗಿದವನು, ಆರು ವರ್ಷ ನಾನು ಹಿಡಿದ ಗಾಜಿನ ಇನ್ನೊಂದು ತುದಿ ಹಿಡಿದವನು ನೀನು. ನಿನ್ನ ವಿಳಾಸವನ್ನು ಬೇರೆಯವರ ಹತ್ತಿರ ಕೇಳುವಾಗ ನನ್ನ ಮುಖ ಹೇಗಾಗಿರಬೇಕು, ನೀನೇ ಯೋಚಿಸು.

ಕೈ ವಿಷಯ ಹೇಳಿಬಿಡುತ್ತೇನೆ. ಒಡೆದ ಗಾಜು ಮಣಿಕಟ್ಟಿನಲ್ಲಿ ಎರಡು ನರ ಕತ್ತರಿಸಿತ್ತು. ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದಿದ್ದಾರೆ. ಹೊಲಿದ ಮಾತ್ರಕ್ಕೆ ಮುಗಿಯಲಿಲ್ಲವಂತೆ. ನರ ಅಲ್ಲಿಂದ ಬೆರಳ ತುದಿಯವರೆಗೆ ಹೊಸದಾಗಿ ಬೆಳೆದುಕೊಂಡು ಹೋಗಬೇಕು. ಎಷ್ಟು ಬೇಗ ಅಂತ ಡಾಕ್ಟರನ್ನು ಕೇಳಿದೆ. ದಿನಕ್ಕೆ ಒಂದು ಮಿಲಿಮೀಟರ್ ಅಂದರು. ಅಂಗಡಿಯಲ್ಲಿ ನನಗೆ ಮಿಲಿಮೀಟರ್ ಅಂತ ಅಡ್ಡಹೆಸರಿಟ್ಟವನು ನೀನೇ ಅಲ್ಲವಾ? ನಗು, ಹೊಟ್ಟೆ ತುಂಬ ನಗು.

ಟೇಪು ಹಿಡಿದು ನಾನೇ ಅಳೆದೆ. ಹೊಲಿಗೆಯಿಂದ ನಡುಬೆರಳ ತುದಿಗೆ ನೂರ ಎಂಬತ್ತು. ಅಲ್ಲಿ ಇಲ್ಲಿ ತಡವಾಗುವುದೂ ಸೇರಿ ಅಕ್ಟೋಬರಿಗೆ ತಲುಪಬೇಕು. ತಲುಪಿದರೆ ಮತ್ತೆ ಗಾಜು ಮುಟ್ಟಬಹುದು. ಇಲ್ಲದಿದ್ದರೆ ಇಲ್ಲ.

ನೀನು ಮನೆಗೆ ಯಾವಾಗ ಬರುತ್ತೀಯ? ಅಕ್ಕ ಬಾಯಿಬಿಟ್ಟು ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ.

ನಿನ್ನ ಭಾವ


ಏಪ್ರಿಲ್ 2

ಭಾಮೈದ,

ನೀನು ಉತ್ತರ ಬರೆಯಲಿಲ್ಲ. ಇರಲಿ, ಹೋಂವರ್ಕ್ ಇರುವುದು ನನಗೆ, ನಿನಗಲ್ಲ.

ಚುಚ್ಚು ಮೇಡಂ ಕೋಣೆಯಲ್ಲಿ ಎಂಟು ಜನ ಕೂರುತ್ತೇವೆ. ನನ್ನ ಪಕ್ಕದಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರು, ಎರಡು ಸರಳುಗಳ ನಡುವೆ ನಡೆಯಲು ಕಲಿಯುತ್ತಿದ್ದಾರೆ. ಹೆಜ್ಜೆ ಎತ್ತುವ ಮೊದಲು "ರೈಟ್ ರೈಟ್" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ನನಗೆ ಮರಳು ತುಂಬಿದ ಬಕೆಟ್ಟು. ಅದರೊಳಗೆ ಕೈ ಇಳಿಸಿ, ಹೂತಿಟ್ಟ ಬೋಲ್ಟು, ನಟ್ಟು ಹುಡುಕಬೇಕು. ಮೊದಮೊದಲು ಮರಳಿದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ವಾರಕ್ಕೊಮ್ಮೆ ಮೇಡಂ ಮಣಿಕಟ್ಟಿನಿಂದ ಬೆರಳಿನ ಕಡೆಗೆ ಮೆತ್ತಗೆ ತಟ್ಟಿಕೊಂಡು ಬರುತ್ತಾರೆ. ನರದ ತುದಿ ಎಲ್ಲಿಗೆ ಮುಟ್ಟಿದೆಯೋ ಅಲ್ಲಿ ಜುಮ್ ಅನ್ನುತ್ತದೆ. ಅಲ್ಲಿ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತಾರೆ. ಈಗ ಅಂಗೈ ನಡುವಿಗೆ ಬಂದಿದೆ. ಅಕ್ಕ ನನಗೆ ಕೈ ತೊಳೆಸುವಾಗ ಆ ಗೆರೆ ಬಿಟ್ಟು ಸುತ್ತಲೂ ತೊಳೆಸುತ್ತಾಳೆ. ಅಂಗಿ ತೊಡಿಸುವವಳು ಅವಳು, ಅನ್ನ ಕಲಸಿ ಕೊಡುವವಳು ಅವಳು. ಒಂದು ದಿನವೂ ಮುಖ ಗಂಟಿಕ್ಕಿದ್ದಿಲ್ಲ.

ಹೋದ ವಾರ ಒಂದು ಎಡವಟ್ಟಾಯಿತು. ಇಸ್ತ್ರಿ ಮೇಜಿನ ಹತ್ತಿರ ನಿಂತು ಅಕ್ಕನ ಜೊತೆ ಮಾತಾಡುತ್ತಿದ್ದೆ. ಏನೋ ಸುಟ್ಟ ವಾಸನೆ ಬಂತು. ಬಟ್ಟೆ ನೋಡೇ ಅಂದೆ. ಅವಳು ಬಟ್ಟೆ ನೋಡಲಿಲ್ಲ, ನನ್ನ ಕೈ ನೋಡಿ ಚೀರಿದಳು. ಕಿರುಬೆರಳು ಇಸ್ತ್ರಿ ಪೆಟ್ಟಿಗೆಗೆ ಒರಗಿಕೊಂಡಿತ್ತು. ಮುಲಾಮು ಹಚ್ಚುತ್ತ ಅವಳು ಅತ್ತಳು. ನನಗೆ ನೋವೂ ಬರಲಿಲ್ಲ, ಅಳುವೂ ಬರಲಿಲ್ಲ. ಬೇರೆ ಯಾರದೋ ಬೆರಳಿಗೆ ಯಾರೋ ಮುಲಾಮು ಹಚ್ಚುವುದನ್ನು ನೋಡುತ್ತ ಕೂತಿದ್ದೆ. ಈಚೆಗೆ ಎಲ್ಲವೂ ಹಾಗೇ ಆಗಿದೆ. ಊಟ ರುಚಿಯಾಗಿದೆ ಅಂತ ಗೊತ್ತಾಗುತ್ತದೆ, ಖುಷಿಯಾಗುವುದಿಲ್ಲ. ನೀನು ಹೋದೆ ಅಂತ ಗೊತ್ತು, ಬೇಜಾರು ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ.

ಎರಡು ಸಾಲು ಬರಿ.

ನಿನ್ನ ಭಾವ


ಏಪ್ರಿಲ್ 20

ಭಾವ,

ಎರಡೂ ಕಾಗದ ಬಂದವು. ನಾನು ಚೆನ್ನಾಗಿದ್ದೇನೆ. ಒಂದು ಗೋಡೌನಿನಲ್ಲಿ ಕೆಲಸ. ರಟ್ಟಿನ ಪೆಟ್ಟಿಗೆ ಮಡಚಿ, ಒಳಗೆ ಬಟ್ಟೆ ತುಂಬಿ, ಟೇಪು ಹಚ್ಚುವುದು. ಕೈಜಾರಿ ಬಿದ್ದರೆ ಎತ್ತಿಟ್ಟರಾಯಿತು.

ಇಸ್ತ್ರಿ ಪೆಟ್ಟಿಗೆ, ಒಲೆ, ಬಿಸಿನೀರು, ಮೂರರ ಹತ್ತಿರವೂ ಹೋಗಬೇಡಿ. ಸುಟ್ಟದ್ದು ವಾಸಿಯಾಯಿತಾ? ಅಕ್ಕನ ಮಂಡಿನೋವು ಹೇಗಿದೆ?

ಬರುವ ವಿಷಯ ಈಗ ಬೇಡ.

ನಿಮ್ಮ ಭಾಮೈದ


ಮೇ 11

ಭಾಮೈದ,

ನಿನ್ನ ಕಾಗದವನ್ನು ಅಕ್ಕ ಮೂರು ಸಲ ಓದಿದಳು. ಮಂಡಿನೋವಿನ ಸಾಲನ್ನು ನನಗೆ ಓದಿ ಹೇಳಿದಳು, ನಾನು ಓದಿಯೇ ಇಲ್ಲವೇನೋ ಅನ್ನುವ ಹಾಗೆ.

ಈಗ ಹೊಸದೊಂದು ವಿದ್ಯೆ ಶುರುವಾಗಿದೆ. ಮೇಜಿನ ಮೇಲೆ ಕನ್ನಡಿ ನಿಲ್ಲಿಸುತ್ತಾರೆ. ಬಲಗೈ ಕನ್ನಡಿಯ ಹಿಂದೆ, ಎಡಗೈ ಮುಂದೆ. ಎಡಗೈ ಮಡಚಿ ಬಿಚ್ಚುತ್ತ ಕನ್ನಡಿ ನೋಡಿದರೆ, ಬಲಗೈಯೇ ಸಲೀಸಾಗಿ ಆಡುತ್ತಿರುವ ಹಾಗೆ ಕಾಣುತ್ತದೆ. ಮೆದುಳಿನ ಕಣ್ಣಿಗೆ ಮಣ್ಣೆರಚುವ ಕೆಲಸ. ಪಾಪ, ಅದು ನಂಬುತ್ತದಂತೆ. ಹದಿನೈದು ದಿನ ಹೀಗೆ ನಂಬಿಸಿದ ಮೇಲೆ ಹೆಬ್ಬೆರಳು ಒಂದಿಷ್ಟು ಅಲುಗಿತು. ಮೇಡಂ ಚಪ್ಪಾಳೆ ಹೊಡೆದರು. ನಾನೂ ಹೊಡೆಯೋಣ ಅಂದರೆ ಎರಡು ಕೈ ಬೇಕಲ್ಲ.

ಆದರೆ ಆ ಕನ್ನಡಿ ನೋಡಬೇಕು ನೀನು! ಅಂಚು ಉಜ್ಜಿಲ್ಲ, ಒಂದು ಮೂಲೆ ಓರೆ, ಹಿಂದಿನ ಲೇಪ ಅಲ್ಲಲ್ಲಿ ಎದ್ದಿದೆ. ಒಳ್ಳೆಯದೊಂದು ತರಿಸಿಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ. ನಲವತ್ತಕ್ಕೆ ಐವತ್ತು ಸೆಂಟಿಮೀಟರ್, ನಾಲ್ಕೂ ಅಂಚು ಉಜ್ಜಿ. ನಾನು ಕತ್ತರಿಸಲಾರೆ. ನೀನು ಕತ್ತರಿಸಿ ಕಳಿಸು.

ಇನ್ನೊಂದು ಮಾತು. ಹೊಸದಾಗಿ ಬಂದವರಿಗೆಲ್ಲ ಮೇಡಂ ನನ್ನನ್ನು ತೋರಿಸುತ್ತಾರೆ. "ಭಾಮೈದನ್ನ ಉಳಿಸೋಕೆ ಹೋಗಿ ಕೈ ಕೊಟ್ಟವರು ಇವರು" ಅನ್ನುತ್ತಾರೆ. ಅಕ್ಕ ಹೇಳಿರುವುದು. ಆರಡಿ ಗಾಜು ಮೆಟ್ಟಿಲು ಹತ್ತಿಸುವಾಗ ಮೇಲಿನ ತುದಿ ನಾನು, ಕೆಳಗಿನ ತುದಿ ನೀನು. ಗಾಜು ಜಾರಿತು. ನಾನು "ಬಿಡು" ಅಂತ ಕೂಗಿ, ನಿನ್ನನ್ನು ತಪ್ಪಿಸಿ, ಭಾರವೆಲ್ಲ ನಾನೇ ಹಿಡಿದೆ. ಇದನ್ನು ಕೇಳಿ ಬಸ್ ಡ್ರೈವರ್ ಸರಳು ಬಿಟ್ಟು ಕೈ ಮುಗಿಯಲು ಹೋಗಿ ಬೀಳುವುದರಲ್ಲಿದ್ದರು. ಮುಜುಗರ ಆಯಿತು. ಸುಳ್ಳೇಕೆ, ಒಂದಿಷ್ಟು ಹಿತವೂ ಆಯಿತು.

ಯಾಕೆ ಬರೆದೆ ಅಂದರೆ, ನಿನ್ನಿಂದ ನನ್ನ ಕೈ ಹೋಯಿತು ಅನ್ನುವ ಕೊರಗಿನಲ್ಲಿ ನೀನು ದೂರ ಇದ್ದೀಯ ಅಂತ ಅಕ್ಕ ಅಂದುಕೊಂಡಿದ್ದಾಳೆ. ನಾನು ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಕಣೋ. ಬಾ.

ನಿನ್ನ ಭಾವ


ಜೂನ್ 6

ಭಾವ,

ಕನ್ನಡಿ ನಾನು ಕತ್ತರಿಸುವುದಿಲ್ಲ. ಕಟರ್ ಮುಟ್ಟಿ ಐದು ತಿಂಗಳಾಯಿತು. ಯಜಮಾನರಿಗೆ ಫೋನು ಮಾಡಿ ಅಳತೆ ಹೇಳಿದ್ದೇನೆ. ಅವರು ಕಳಿಸುತ್ತಾರೆ.

ನಾನು ಕೆಲಸಕ್ಕೆ ಸೇರಿದ ದಿನ ನೀವು ಗಾಜು ಮುಟ್ಟಲು ಬಿಡಲಿಲ್ಲ. ಗಾಜಿನಳತೆಯ ರಟ್ಟು ಹಿಡಿಸಿದಿರಿ. ಇಬ್ಬರೂ ಹಿಡಿದು ನಡೆಯುವಾಗ ಬೇಕಂತಲೇ ಜಾರಿಸುತ್ತಿದ್ದಿರಿ. ನಾನು ಹಿಡಿಯಲು ಹೋದರೆ ತಲೆಗೆ ಮೊಟಕುತ್ತಿದ್ದಿರಿ. ಜಾರಿದ ಗಾಜು ಹಿಡಿಯಬೇಡ, ಕೈ ಬಿಡು, ಗೋಡೆಗೆ ಸರಿ, ಒಡೆದರೆ ಒಡೆಯಲಿ. ಬೀಳುವ ವಸ್ತುವಿಗೆ ಕೈ ಚಾಚದೆ ಇರುವುದನ್ನು ಕಲಿಯಲು ನನಗೆ ಒಂದು ವಾರ ಬೇಕಾಯಿತು. ಮನೆಯಲ್ಲಿ ಅಕ್ಕನ ಕೈಯಿಂದ ಲೋಟ ಜಾರಿದರೂ ನಾನು ಹಿಂದೆ ಸರಿಯುತ್ತಿದ್ದೆ. ಅವಳು ಬೈಯುತ್ತಿದ್ದಳು, ನೀವು ನಗುತ್ತಿದ್ದಿರಿ.

ಆ ದಿನ ಮೆಟ್ಟಿಲ ಮೇಲೆ ನಾನು ನೀವು ಕಲಿಸಿದ್ದನ್ನೇ ಮಾಡಿದೆ.

ಆಸ್ಪತ್ರೆಯಲ್ಲಿ ಏನಾಯ್ತು ಅಂತ ಅಕ್ಕ ಕೇಳಿದಾಗ ನಾನು ಬಾಗಿಲ ಹತ್ತಿರ ಇದ್ದೆ. ನೀವು ನನ್ನನ್ನು ನೋಡಿದಿರಿ. ನೋಡಿದ ಮೇಲೂ "ಬಿಡು ಅಂತ ಕೂಗಿದೆ" ಅಂದಿರಿ. ನೀವು ಕೂಗಿದ್ದು ಏನು ಅಂತ ಗೊತ್ತಿರುವವರು ಇಬ್ಬರೇ.

ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಅಂತ ಬರೆದಿದ್ದೀರಿ. ಇಟ್ಟುಕೊಳ್ಳುವಂಥದ್ದು ನಾನೇನು ಮಾಡಿದ್ದೆ?

ನಿಮ್ಮ ಭಾಮೈದ


ಜೂನ್ 14

ಭಾಮೈದ,

ನಿನಗೆ ಬಾಯಿ ಬಂದಿದೆ. ರಕ್ತ ಸುರಿಸಿಕೊಂಡು ಮಲಗಿದ್ದವನು ಅರೆಮಂಪರಿನಲ್ಲಿ ಏನು ಹೇಳಿದ, ಏನು ಬಿಟ್ಟ ಅಂತ ಐದು ತಿಂಗಳು ಎಣಿಸುತ್ತ ಕೂತಿದ್ದೀಯಲ್ಲ. ಕೈ ಹೋದದ್ದು ನನ್ನದು. ಹೋಂವರ್ಕಿಗೆ ಬೇರೆ ಯಾರಾದರೂ ಸಿಗುತ್ತಾರೆ.

ಭಾವ


ಆಗಸ್ಟ್ 18

ಭಾಮೈದ,

ಬೇರೆ ಯಾರೂ ಸಿಗಲಿಲ್ಲ. ಎರಡು ತಿಂಗಳು ವಿದ್ಯುತ್ ಕಚೇರಿಗೆ, ಟಿವಿ ರಿಪೇರಿಯವನಿಗೆ, ಸತ್ತುಹೋದ ನಮ್ಮ ಚಿಕ್ಕಪ್ಪನಿಗೆ ಬರೆದೆ. ಯಾವುದನ್ನೂ ಅಂಚೆಗೆ ಹಾಕಲಿಲ್ಲ.

ಕೇಳು. ಜೂನ್ ಕೊನೆಯಿಂದ ಕಣ್ಣಿಗೆ ಬಟ್ಟೆ ಕಟ್ಟಿ ಪರೀಕ್ಷೆ ಮಾಡುತ್ತಾರೆ. ಹತ್ತು ವಸ್ತು ಒಂದೊಂದಾಗಿ ಬೆರಳಿಗೆ ಕೊಡುತ್ತಾರೆ. ಬೀಗದ ಕೈ, ಹತ್ತಿ, ಉಪ್ಪುಕಾಗದ, ಗುಂಡಿ, ಹಗ್ಗದ ತುಂಡು, ಹೀಗೆ. ಏನು ಅಂತ ಹೇಳಬೇಕು. ನಾನು ಹತ್ತಕ್ಕೆ ಎಂಟು ಹೇಳುತ್ತಿದ್ದೆ. ಕೋಣೆಯಲ್ಲಿ ನನ್ನಷ್ಟು ಚುರುಕು ಯಾರೂ ಇಲ್ಲ. ಡ್ರೈವರಂತೂ "ನಿಮ್ಮ ನರ ಎಕ್ಸ್‌ಪ್ರೆಸ್ ಗಾಡಿ ಕಣ್ರೀ" ಅಂದುಬಿಟ್ಟರು.

ಹೋದ ಸೋಮವಾರ ಮೇಡಂ ಏನನ್ನಿಸಿತೋ, ನನ್ನ ಕಿವಿಗೂ ಹತ್ತಿ ತುರುಕಿ, ಮೇಲೊಂದು ಹೆಡ್‌ಫೋನು ಹಾಕಿದರು. ಹತ್ತಕ್ಕೆ ಒಂದೂ ಬರಲಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟೇ. ಬೀಗದ ಕೈ ಮೇಜಿಗೆ ತಗುಲಿದರೆ ಟಣ್ ಅನ್ನುತ್ತದೆ, ಉಪ್ಪುಕಾಗದ ಕರಕರ ಅನ್ನುತ್ತದೆ, ಸದ್ದೇ ಇಲ್ಲದಿದ್ದರೆ ಹತ್ತಿ. ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವವನ ಹಾಗೆ ಮುಖ ಮಾಡಿಕೊಂಡು ಮೀಸೆ ತಿರುವುತ್ತಿದ್ದೆ.

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಏಳು ವಾರ ಹಾಳಾಯ್ತಲ್ರೀ" ಅಂದರು. "ಗೊತ್ತಾಗದೆ ಇರೋದನ್ನ ಗೊತ್ತಾಯ್ತು ಅಂದ್ರೆ ಮೆದುಳು ಇನ್ನು ಕಲಿಯೋದೇನಿದೆ ಅಂತ ಸುಮ್ಮನಾಗುತ್ತೆ. ಗೊತ್ತಾಗಲಿಲ್ಲ ಅಂತ ಹೇಳ್ಬೇಕು. ಆಮೇಲೆ ಕಣ್ಣು ಬಿಟ್ಟು ನೋಡ್ಬೇಕು. ಅದೇ ವ್ಯಾಯಾಮ." ಅವತ್ತು ಹತ್ತು ಸಲ "ಗೊತ್ತಾಗಲಿಲ್ಲ" ಅಂದೆ. ಇಷ್ಟು ಕಷ್ಟದ ವ್ಯಾಯಾಮ ಅವರು ಇದುವರೆಗೆ ಮಾಡಿಸಿರಲಿಲ್ಲ.

ಮನೆಗೆ ಬಂದು ನಿನ್ನ ಜೂನ್ ತಿಂಗಳ ಕಾಗದ ತೆಗೆದು ಕೂತೆ.

ನಾನು "ಬಿಡು" ಅಂತ ಕೂಗಲಿಲ್ಲ. "ಹಿಡಿ" ಅಂತ ಕೂಗಿದೆ. ಎರಡು ಸಲ ಕೂಗಿದೆ. ನಮ್ಮ ಕಸುಬಿನಲ್ಲಿ ಯಾವನೂ ಬಾಯಲ್ಲಿ ತರಬಾರದ ಮಾತು. ನೀನು ಹಿಡಿದಿದ್ದರೆ ಎಂಟು ಮಿಲಿಮೀಟರ್ ದಪ್ಪದ ಗಾಜು ನೇರ ನಿನ್ನ ಹೊಟ್ಟೆಯ ಮೇಲೆ ಬರುತ್ತಿತ್ತು. ನೀನು ಗೋಡೆಗೆ ಸರಿದೆ, ಬದುಕಿದೆ. ನಾನು ನಿನ್ನನ್ನು ತಪ್ಪಿಸಲಿಲ್ಲ. ಗಾಜನ್ನು ಉಳಿಸಲು ಹೋದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಲ್ಲಿ ಒಂದೂ ಒಡೆದಿಲ್ಲ ಅಂತ ಊರೆಲ್ಲ ಕೊಚ್ಚಿಕೊಂಡು ಬಂದವನು ನಾನು. ಅದೊಂದು ಒಡೆಯಬಾರದು ಅನ್ನುವುದು ಬಿಟ್ಟು ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಮಂಪರು ಇರಲಿಲ್ಲ. ಅಕ್ಕ ಕೇಳಿದಳು, ನಿನ್ನನ್ನು ನೋಡಿದೆ, ಹೇಳಿದೆ. ಅವಳು ನನ್ನ ಕಾಲು ಹಿಡಿದುಕೊಂಡು ಅತ್ತಳು. "ನನ್ನ ತಮ್ಮನ್ನ ಉಳಿಸಿಕೊಟ್ರಿ" ಅಂದಳು. ಆಮೇಲೆ ಅಲ್ಲ ಅನ್ನುವುದು ಹೇಗೆ? ಏಳು ತಿಂಗಳು ಅವಳು ಕಲಸಿ ಕೊಟ್ಟ ಅನ್ನ ಆ ಮಾತಿನ ಮೇಲೆ ಉಂಡಿದ್ದೇನೆ.

ನಾಚಿಕೆಯಾಗುತ್ತಿದೆ ಅಂತ ಇಲ್ಲಿ ಬರೆಯಬೇಕು. ಆಗುತ್ತಿಲ್ಲ. ಆಗಬೇಕು ಅಂತ ಗೊತ್ತಿದೆ, ಅಷ್ಟೆ.

ನಿನ್ನ ಭಾವ


ಸೆಪ್ಟೆಂಬರ್ 1

ಭಾವ,

ಇದನ್ನು ನನಗೆ ಬರೆದು ತಿಳಿಸಬೇಕಾಗಿರಲಿಲ್ಲ. ನಾನು ಅಲ್ಲೇ ಇದ್ದೆ.

ನೀವು ಹಿಡಿ ಅಂತ ಕೂಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಗಾಜು ಜಾರುವಾಗ ಯಾರ ಬಾಯಿಂದ ಏನು ಬರುತ್ತದೋ ಯಾರಿಗೆ ಗೊತ್ತು. ನಾನು ಮನೆ ಬಿಟ್ಟದ್ದು ಆಮೇಲಿನದಕ್ಕೆ. ದಿನಾ ಊಟಕ್ಕೆ ಕೂತಾಗ ಅಕ್ಕ "ಭಾವನ ಋಣ ಮರೀಬೇಡ" ಅನ್ನುತ್ತಿದ್ದಳು. ನೀವು ತಟ್ಟೆ ನೋಡುತ್ತಿದ್ದಿರಿ. ಒಂದು ದಿನವಾದರೂ ತಲೆ ಎತ್ತುತ್ತೀರಿ ಅಂತ ಕಾದೆ. ಈಗಲೂ ಅವಳು ಫೋನಿನಲ್ಲಿ ಅದನ್ನೇ ಹೇಳುತ್ತಾಳೆ, ನಾನು ಹೂಂ ಅಕ್ಕ ಅನ್ನುತ್ತೇನೆ.

ನಾನೇ ಹೇಳಿಬಿಡಬಹುದಿತ್ತು. ನಿಮ್ಮ ಕೈಯನ್ನೂ ಕಳೆದು, ಮನೆಯನ್ನೂ ಒಡೆದವನು ಅನ್ನಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಅಕ್ಕನಿಗೆ ನೀವು ಹೇಳಿ. ನಾನು ಬರುವ ಮಾತು ಆಮೇಲೆ.

ನಿಮ್ಮ ಭಾಮೈದ


ಅಕ್ಟೋಬರ್ 12

ಭಾಮೈದ,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಅಕ್ಕ ನಿನ್ನ ಹತ್ತಿರ ಇರುತ್ತಾಳೆ. ಏನಾಯಿತು ಅಂತ ಅವಳು ಹೇಳುವವಳಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಮೊದಲು ಕೈ. ಎರಡನೇ ತಾರೀಕು ಡಾಕ್ಟರು ನೋಡಿದರು. ನರ ಬೆರಳಿನ ಕೊನೆಯ ಗೆಣ್ಣಿನವರೆಗೆ ಬಂದಿದೆ. ತುದಿ ಇನ್ನೂ ಮರ. ಮುಂದೆ ಒಂದೆರಡು ವರ್ಷದಲ್ಲಿ ಅಷ್ಟಿಷ್ಟು ಬಂದರೂ ಬರಬಹುದು, ಬರದಿದ್ದರೂ ಇಲ್ಲ. ಅಂಗಿ ಗುಂಡಿ ಹಾಕಿಕೊಳ್ಳುತ್ತೇನೆ, ಬಾಗಿಲ ಚಿಲಕ ತೆಗೆಯುತ್ತೇನೆ. "ಗಾಜಿನ ಕೆಲಸ ಮಾತ್ರ ಬೇಡ, ಅಂಚು ತಗುಲಿದ್ದು ನಿಮಗೆ ಗೊತ್ತೇ ಆಗಲ್ಲ" ಅಂದರು. ಸರಿ ಅಂದೆ. ಮನೆಗೆ ಬರುವಾಗ ದಾರಿಯಲ್ಲಿ ಅಕ್ಕ ನನ್ನ ತೋಳು ಹಿಡಿದುಕೊಂಡು, "ಹೋಗ್ಲಿ ಬಿಡಿ, ಆ ಕೈ ಕೊಟ್ಟು ನನ್ನ ತಮ್ಮನ್ನ ಉಳಿಸಿಕೊಂಡಿದೀವಿ" ಅಂದಳು. ಆಗಲೇ ಹೇಳಬೇಕಿತ್ತು. ಬಾಯಿ ಏಳಲಿಲ್ಲ. ಆರು ದಿನ ಏಳಲಿಲ್ಲ.

ಎಂಟನೇ ತಾರೀಕು ಅವಳು ನನ್ನ ಬಲಗೈ ಉಗುರು ತೆಗೆಯುತ್ತಿದ್ದಳು. ಅದೊಂದು ನನಗೆ ಆಗುವುದಿಲ್ಲ. ಮೂರು ಬೆರಳು ಮುಗಿದಿತ್ತು. "ನಾನು ಬಿಡು ಅಂತ ಕೂಗಲಿಲ್ಲ ಕಣೇ, ಹಿಡಿ ಅಂತ ಕೂಗಿದೆ" ಅಂದೆ. ಉಳಿದದ್ದನ್ನೂ ಹೇಳಿದೆ. ನಿನಗೆ ಬರೆದದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಅವಳು ತಲೆ ಎತ್ತಲಿಲ್ಲ. ಉಳಿದ ಎರಡು ಬೆರಳಿನ ಉಗುರು ತೆಗೆದಳು, ಎಂದಿನ ಹಾಗೆ ಜೋಪಾನವಾಗಿ. ಕಾಗದದ ಮೇಲೆ ಬಿದ್ದ ಚೂರುಗಳನ್ನು ಹೊರಗೆ ಹಾಕಿ ಬಂದಳು. ಬಂದು ಎದುರಿಗೆ ಕೂತು ಕೇಳಿದಳು.

"ನೀವು ಹಿಡಿ ಅಂದಾಗ ಅವನ ಮುಖ ಹೇಗಿತ್ತು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ನೋಡಲಿಲ್ಲ. ಗಾಜು ನೋಡ್ತಿದ್ದೆ."

"ಒಂದು ಸಲಾನೂ ನೋಡಲಿಲ್ವಾ?"

"ಇಲ್ಲ."

ಬೈಗುಳಕ್ಕೆ ಸಿದ್ಧನಾಗಿದ್ದೆ, ಅಳುವಿಗೂ ಸಿದ್ಧನಾಗಿದ್ದೆ. ಈ ಪ್ರಶ್ನೆ ಬರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ನಾನು ನನ್ನನ್ನೇ ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ. ಆಮೇಲೆ ಮೂರು ದಿನ ಅಡುಗೆ ಮಾಡಿದಳು, ಬಡಿಸಿದಳು, ಮಾತಾಡಲಿಲ್ಲ. ನಾನೇ ಅನ್ನ ಕಲಸಿಕೊಂಡೆ.

ಇವತ್ತು ಬೆಳಗ್ಗೆ ಎದ್ದು ನೋಡಿದರೆ ಬ್ಯಾಗು ಬಾಗಿಲ ಹತ್ತಿರ ಇತ್ತು. ಎಲ್ಲಿಗೆ ಅಂತ ಕೇಳಿದೆ. "ಅವನ ಮುಖ ನೋಡ್ಕೊಂಡು ಬರ್ತೀನಿ" ಅಂದಳು. ನಾನೂ ಬರಲಾ ಅಂದೆ. ಬೇಡ ಅಂದಳು. ಬಸ್‌ಸ್ಟಾಪಿನವರೆಗೆ ಹಿಂದೆಯೇ ಹೋದೆ. ಅವಳು ಕಿಟಕಿ ಪಕ್ಕ ಕೂತಳು, ಈ ಕಡೆ ತಿರುಗಲಿಲ್ಲ. ಬಸ್ಸು ಹೋದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ಅತ್ತುಬಿಟ್ಟೆ ಕಣೋ. ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದ ಒಬ್ಬ ಮನುಷ್ಯ ಪೈಪು ಕೆಳಗಿಟ್ಟು ಏನಾಯ್ತು ಅಂತ ಕೇಳಿದ. ಕೈ ನೋವು ಅಂದೆ. ಅದೂ ಸುಳ್ಳೇ.

ಅವಳು ನಿನ್ನ ಮನೆಯಲ್ಲಿ ಊಟ ಬಿಟ್ಟು, ಮಾತು ಬಿಟ್ಟು, ನಿನ್ನ ಮುಖವನ್ನೇ ನೋಡುತ್ತ ಕೂತಿದ್ದರೆ ಯಾಕೆ ಅಂತ ಕೇಳಬೇಡ. ನೋಡಲಿ. ನಾನು ನೋಡದೆ ಬಿಟ್ಟದ್ದನ್ನು ನೋಡುತ್ತಿದ್ದಾಳೆ. ವಾಪಸು ಯಾವಾಗ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ನೀನೂ ಕೇಳಬೇಡ.

ನಿನ್ನ ಭಾವ